ಚೊಗರಿಲ್ಲದ ಗೇರುಹಣ್ಣಿನ ರಸ: ಗಂಜಿ ತೆಳಿಯಲ್ಲಿ ತಿಳಿಗೊಳಿಸುವ ಹಳೆಯ ಕ್ರಮ, ಪೂರ್ತಿ ವಿವರ

ಕರಾವಳಿಯಲ್ಲಿ ಗೇರುಬೀಜಕ್ಕಿರುವ ಮರ್ಯಾದೆ ಹಣ್ಣಿಗಿಲ್ಲ. ಮಾರ್ಚ್‌ನಿಂದ ಮೇ ತನಕ ಉಳ್ಳಾಲ, ಪುತ್ತೂರು, ಕಾರ್ಕಳ, ಕುಂದಾಪುರದ ಮುರಕಲ್ಲು ಗುಡ್ಡಗಳಲ್ಲಿ ಬೀಜ ತಿರುಪಿ ಚೀಲಕ್ಕೆ ಹಾಕಿಕೊಂಡು, ಹಣ್ಣನ್ನು ಮರದ ಬುಡದಲ್ಲೇ ಎಸೆದು ಬರುವುದು ರೂಢಿ. ಬೀಜ ಏಳೆಂಟು ಗ್ರಾಂ ತೂಗಿದರೆ ಹಣ್ಣು ಐವತ್ತರಿಂದ ಅರವತ್ತು ಗ್ರಾಂ. ಒಂದು ಕಿಲೋ ಬೀಜ ಮನೆಗೆ ಬಂದಾಗ ಏಳು ಕಿಲೋದಷ್ಟು ಹಣ್ಣು ಗುಡ್ಡದಲ್ಲಿ ಕೊಳೆಯುತ್ತದೆ. ಕಿತ್ತಳೆಗಿಂತ ನಾಲ್ಕೈದು ಪಟ್ಟು ಸಿ ವಿಟಮಿನ್ ಇರುವ ಹಣ್ಣಿನ ಗತಿ ಇದು.

ಹೀಗಾಗುವುದಕ್ಕೆ ಎರಡು ಕಾರಣ. ಮೊದಲನೆಯದು ಹಣ್ಣಿನ ಆಯುಸ್ಸು. ಬಿದ್ದ ಹಣ್ಣು ಒಂದು ದಿನ ತಡೆಯುವುದಿಲ್ಲ. ಸೇಬು ಬೆಳೆಯುವ ದೇಶಗಳಲ್ಲಿ ಸೈಡರ್ ಮಾಡುವವರು ಕೊಯ್ದ ಹಣ್ಣನ್ನು ವಾರಗಟ್ಟಲೆ ರಾಶಿ ಹಾಕಿ, ಮೆತ್ತಗಾದ ಮೇಲೆ ಜಜ್ಜಿ, ಬಟ್ಟೆಯಲ್ಲಿ ಸುತ್ತಿ ಹಲಗೆಗಳ ನಡುವೆ ಒತ್ತುತ್ತಾರೆ. ಜಜ್ಜುವುದು, ಒತ್ತುವುದು ಗೇರಿಗೂ ಅದೇ ಕ್ರಮ, ಆದರೆ ರಾಶಿ ಹಾಕಿ ಕಾಯುವ ಪುರುಸೊತ್ತು ಇಲ್ಲಿಲ್ಲ. ಎರಡನೆಯದು ಚೊಗರು. ಹಣ್ಣಿನಲ್ಲಿರುವ ಟ್ಯಾನಿನ್ ಬಾಯಿಯ ಎಂಜಲಿನಲ್ಲಿರುವ ಪ್ರೋಟೀನಿಗೆ ಕಚ್ಚಿಕೊಂಡು ನಾಲಿಗೆ ಒಣಗಿಸುತ್ತದೆ, ಗಂಟಲು ಕೆರೆಯುತ್ತದೆ. ಹಾಗಾಗಿ ರಸ ಹಿಂಡುವುದು ಇಲ್ಲಿ ಸಣ್ಣ ಕೆಲಸ. ಅದು ಕುಡಿಯಲು ಬರುವುದು ಹಿಂಡಿದ ಮೇಲೆ ತೆಳಿ, ಅಂದರೆ ಅನ್ನ ಬಸಿದ ಗಂಜಿನೀರು, ಸೇರಿಸಿ ಭರಣಿಯಲ್ಲಿ ಸುಮ್ಮನೆ ಕೂರಿಸಿದಾಗ. ಮನೆಯಲ್ಲಿ ಪ್ರಯತ್ನಿಸಿ ಕೈಬಿಟ್ಟವರಲ್ಲಿ ಹೆಚ್ಚಿನವರು ಈ ಹಂತವನ್ನೇ ಹಾರಿಸಿರುತ್ತಾರೆ.

ಕೆಳಗಿನ ಅಳತೆಯೆಲ್ಲ 5 ಕಿಲೋ ಹಣ್ಣಿಗೆ, ಅಂದರೆ ಸುಮಾರು ತೊಂಬತ್ತು ನೂರು ಹಣ್ಣು. ಬಟ್ಟೆಯಲ್ಲಿ ಹಿಂಡಿದರೆ ಎರಡೂವರೆ ಲೀಟರ್ ರಸ ಸಿಗುತ್ತದೆ, ಒತ್ತಿ ತೆಗೆದರೆ ಮೂರು ಲೀಟರ್. ಮೊದಲ ಸಲಕ್ಕೆ ಇದಕ್ಕಿಂತ ಜಾಸ್ತಿ ತರಬೇಡಿ. ಹಣ್ಣು ಹೆಚ್ಚಾದಷ್ಟೂ ಹೊತ್ತು ಹೆಚ್ಚು ಬೇಕು, ಈ ಕೆಲಸದಲ್ಲಿ ಇಲ್ಲದ್ದು ಅದೇ.

ಪಾತ್ರೆ ಪರಡಿ: ಕಬ್ಬಿಣ ಬೇಡ

ಟ್ಯಾನಿನ್‌ಗೆ ಕಬ್ಬಿಣ ತಾಗಿದರೆ ಕಪ್ಪು ಶಾಯಿಯಾಗುತ್ತದೆ. ಹಿಂದಿನ ಕಾಲದಲ್ಲಿ ಶಾಯಿ ಮಾಡುತ್ತಿದ್ದದ್ದೂ ಹೀಗೆಯೇ, ಟ್ಯಾನಿನ್ ಇರುವ ಕಾಯಿಗೆ ಕಬ್ಬಿಣದ ಉಪ್ಪು ಸೇರಿಸಿ. ಆದ್ದರಿಂದ ಮೆಟ್ಟುಕತ್ತಿ, ಕಬ್ಬಿಣದ ಬಾಣಲೆ, ತುಕ್ಕು ಹಿಡಿದ ಜರಡಿ ದೂರ ಇರಲಿ. ತಾಮ್ರ, ಕಲಾಯಿ ಹೋದ ಹಿತ್ತಾಳೆ, ಅಲ್ಯೂಮಿನಿಯಂ ಕೂಡ ಬೇಡ. ಹುಳಿ ರಸ ಅವನ್ನು ತಿನ್ನುತ್ತದೆ, ತಾಮ್ರವಂತೂ ಸಿ ವಿಟಮಿನ್ನನ್ನು ಬೇಗ ಹಾಳು ಮಾಡುತ್ತದೆ. ಸ್ಟೀಲ್, ಗಾಜು, ಉಪ್ಪಿನಕಾಯಿಯ ಪಿಂಗಾಣಿ ಭರಣಿ, ಮರದ ಮರಿಗೆ ಇವೆಲ್ಲ ಆಗುತ್ತವೆ. ಭರಣಿಯಲ್ಲಿ ಉಪ್ಪಿನಕಾಯಿಯ ವಾಸನೆ ಉಳಿದಿದ್ದರೆ ಬೇಡ, ರಸ ಅದನ್ನು ಎಳೆದುಕೊಳ್ಳುತ್ತದೆ.

ಜಜ್ಜಲು ಕಲ್ಲಿನ ಒರಳು ಮತ್ತು ಒನಕೆ ಇದ್ದರೆ ಬೇರೇನೂ ಬೇಡ, ಆದರೆ ಒನಕೆಯ ತುದಿ ನೋಡಿಕೊಳ್ಳಿ. ಭತ್ತ ಕುಟ್ಟುವ ಒನಕೆಗೆ ತುದಿಯಲ್ಲಿ ಕಬ್ಬಿಣದ ಬಳೆ ಇರುತ್ತದೆ. ಅದನ್ನೇ ಹಾಕಿದರೆ ನಾಲ್ಕು ಏಟಿಗೆ ತಿರುಳಿನ ಅಂಚು ನೀಲಿ ಬೂದಿ ಬಣ್ಣಕ್ಕೆ ತಿರುಗುವುದು ಕಾಣಿಸುತ್ತದೆ. ಬಳೆ ಇಲ್ಲದ ತುದಿಯಿಂದ ಕುಟ್ಟಿ, ಇಲ್ಲದಿದ್ದರೆ ಗಟ್ಟಿ ಮರದ ಕೊರಡು ಸಾಕು.

ಒತ್ತಲು ಮರದ ಶ್ಯಾವಿಗೆ ಮಣೆ ಒಳ್ಳೆಯ ಸಾಧನ. ಒಂದು ಸಲಕ್ಕೆ ಒಂದೆರಡು ಮುಷ್ಟಿ ತಿರುಳಷ್ಟೇ ಹಿಡಿಯುತ್ತದಾದರೂ ನಿಧಾನವಾಗಿ, ಸಮನಾಗಿ ಒತ್ತುತ್ತದೆ. ಹಿತ್ತಾಳೆ ಒಳಕೋಶದ್ದಾದರೆ ಬಿಟ್ಟುಬಿಡಿ. ಇವು ಯಾವುದೂ ಇಲ್ಲದವರು ಎರಡು ಮಣೆ ಮತ್ತು ಒಂದು ಭಾರದ ಕಲ್ಲಿನಲ್ಲಿ ಕೆಲಸ ಮುಗಿಸಬಹುದು, ಅದರ ಕ್ರಮ ಮುಂದೆ ಇದೆ. ಬಟ್ಟೆಗೆ ಹಳೆಯ ಹತ್ತಿಯ ಪಂಚೆಯೇ ಲಾಯಕ್ಕು. ಸೋಪಿನ ಪರಿಮಳ ಹೋಗುವ ತನಕ ಕುದಿನೀರಿನಲ್ಲಿ ಹಾಕಿ ತೆಗೆದಿರಬೇಕು. ಆ ಪಂಚೆ ಮತ್ತೆ ಬಿಳಿಯಾಗುವುದಿಲ್ಲ ಎಂಬುದೂ ಗೊತ್ತಿರಲಿ. ಗೇರಿನ ಕಲೆ ಬಟ್ಟೆ ಹರಿದರೂ ಹೋಗದು, ಕೆಲಸಕ್ಕೆ ಕೂರುವವರೂ ಹಳೆಯ ಬಟ್ಟೆ ಉಟ್ಟುಕೊಳ್ಳಿ.

ಹಣ್ಣು ಆರಿಸುವುದು

ಮಂಗಳೂರಿನ ಪೇಟೆಯಲ್ಲಿ ಈ ಹಣ್ಣು ಹುಡುಕುವುದು ವ್ಯರ್ಥ. ಸಾಗಿಸುವಷ್ಟರಲ್ಲಿ ಹಾಳಾಗುವ ಸರಕನ್ನು ಯಾರೂ ತರುವುದಿಲ್ಲ. ಗೇರುತೋಟ ಇರುವ ಪರಿಚಯದವರಿಗೆ ಹಿಂದಿನ ದಿನವೇ ಹೇಳಿಟ್ಟು ಬೆಳಿಗ್ಗೆ ಹೋಗಬೇಕು. ಹೋದಲ್ಲಿ ಮೊದಲು ಕೇಳಬೇಕಾದದ್ದು ಔಷಧಿ ಹೊಡೆದದ್ದು ಯಾವಾಗ ಎಂದು. ಟೀ ಸೊಳ್ಳೆ ಎಂಬ ರಸ ಹೀರುವ ಕೀಟದ ಕಾಟಕ್ಕೆ ಚಿಗುರು, ಹೂವು ಮತ್ತು ಎಳೆಕಾಯಿಯ ಹಂತದಲ್ಲಿ ಕೀಟನಾಶಕ ಸಿಂಪಡಿಸುವ ತೋಟಗಳಿವೆ. ಬೀಜಕ್ಕೆ ದಪ್ಪ ಸಿಪ್ಪೆಯ ರಕ್ಷಣೆ ಇದೆ, ಹಣ್ಣಿಗಿಲ್ಲ. ಕೊನೆಯ ಸಿಂಪಡಣೆ ಯಾವಾಗ ಎಂದು ಖಚಿತವಾಗಿ ಹೇಳಲಾಗದ ತೋಟದ ಹಣ್ಣು ರಸಕ್ಕೆ ಬೇಡ.

ಬೀಜಕ್ಕಾಗಿ ಕಾಯುವವರು ಹಣ್ಣು ತಾನಾಗಿ ಬೀಳಲಿ ಎಂದು ಬಿಡುತ್ತಾರೆ, ಅವರಿಗೆ ಅದೇ ಸರಿ. ರಸಕ್ಕೆ ಮಾತ್ರ ಬೀಳುವ ಹೊಸ್ತಿಲಲ್ಲಿರುವ ಹಣ್ಣು ಬೇಕು. ಬಣ್ಣ ಪೂರ್ತಿ ತುಂಬಿ, ಬೀಜ ಬೂದಿ ಬಣ್ಣಕ್ಕೆ ತಿರುಗಿ, ಕೈಯಿಟ್ಟು ತುಸು ತಿರುಪಿದರೆ ತೊಟ್ಟು ಬಿಡುವಂಥದ್ದು. ದೋಟಿಯ ತುದಿಗೆ ಬಲೆಚೀಲ ಕಟ್ಟಿ ಇಳಿಸಿದರೆ ಜಜ್ಜುವುದಿಲ್ಲ. ಬಿದ್ದದ್ದನ್ನೇ ಹೆಕ್ಕುವುದಾದರೆ ಸಂಜೆ ಮರದಡಿ ಗುಡಿಸಿ ಹಳೆಯ ಸೀರೆ ಹಾಸಿಟ್ಟು ಬೆಳಕು ಹರಿಯುವಾಗ ಹೋಗಿ. ರಾತ್ರಿ ಬಿದ್ದ ಹಣ್ಣು ಅಷ್ಟೇ ನಿಮ್ಮದು. ಮೂಸಿದರೆ ಹೆಂಡದ ವಾಸನೆ ಬರುವುದು, ಸಣ್ಣ ನೊಣ ಮುತ್ತಿರುವುದು, ಸಿಪ್ಪೆ ಒಡೆದು ರಸ ಜಿನುಗುತ್ತಿರುವುದು ಹುಳಿಯಲು ಶುರುವಾದ ಹಣ್ಣು. ಅಂಥದ್ದೊಂದು ಹಣ್ಣು ಬುಟ್ಟಿಯ ಉಳಿದದ್ದನ್ನೂ ಬೇಗ ಕೆಡಿಸುತ್ತದೆ.

ಹಳದಿ ಒಳ್ಳೆಯದೋ ಕೆಂಪು ಒಳ್ಳೆಯದೋ ಎಂಬ ಚರ್ಚೆ ಊರೂರಲ್ಲೂ ಇದೆ. ಬಣ್ಣಕ್ಕಿಂತ ಮರ ಮುಖ್ಯ. ಬೀಜದಿಂದ ಹುಟ್ಟಿದ ಹಳೆಯ ಮರಗಳಲ್ಲಿ ಒಂದೊಂದರ ಹಣ್ಣಿಗೆ ಒಂದೊಂದು ರುಚಿ. ಪುತ್ತೂರಿನ ಗೇರು ಸಂಶೋಧನಾ ನಿರ್ದೇಶನಾಲಯ, ಉಳ್ಳಾಲದ ಕೃಷಿ ಸಂಶೋಧನಾ ಕೇಂದ್ರ ಬಿಡುಗಡೆ ಮಾಡಿದ ಕಸಿ ತಳಿಗಳ ತೋಟದಲ್ಲಿ ಹಣ್ಣು ಹೆಚ್ಚು ಕಡಿಮೆ ಒಂದೇ ರೀತಿ ಇರುತ್ತದೆ. ಹೇಗಿದ್ದರೂ ಪ್ರತಿ ಮರದ ಒಂದು ಹಣ್ಣು ಕಚ್ಚಿ ನೋಡಿ. ಸಿಹಿಯಾಗಿ, ರಸ ಸೋರುವಂತಿದ್ದು, ಚೊಗರು ಸ್ವಲ್ಪ ತಡವಾಗಿ ನಾಲಿಗೆಗೆ ಬಂದರೆ ಆ ಮರ ಸರಿ. ಕಚ್ಚಿದ ಕೂಡಲೇ ಬಾಯಿ ಬಿಗಿದರೆ ಮುಂದಿನ ಮರಕ್ಕೆ ಹೋಗಿ. ಮಳೆ ಬಿದ್ದ ಮರುದಿನದ ಹಣ್ಣು ನೀರುನೀರಾಗಿರುತ್ತದೆ, ಬೂಸ್ಟೂ ಬೇಗ ಹಿಡಿಯುತ್ತದೆ. ಎರಡು ದಿನ ಬಿಸಿಲು ಕಂಡ ಮೇಲೆ ಕೊಯ್ಯಿ.

ಸಾಗಿಸುವಾಗ ಗೋಣಿಯಲ್ಲಿ ತುಂಬಬೇಡಿ. ಅಗಲ ಬುಟ್ಟಿಯಲ್ಲಿ ಮೂರು ಪದರಕ್ಕಿಂತ ಹೆಚ್ಚಿಲ್ಲದಂತೆ ಹರಡಿ, ಮೇಲೆ ಒದ್ದೆ ಬಟ್ಟೆ ಹೊದಿಸಿ ತನ್ನಿ. ತಂದ ನಾಲ್ಕೈದು ಗಂಟೆಯೊಳಗೆ ಕೆಲಸಕ್ಕೆ ಕೂರಬೇಕು.

ಬೀಜ ಬಿಡಿಸಿ ತೊಳೆಯುವುದು

ಬೀಜದ ಸಿಪ್ಪೆಯಲ್ಲಿರುವ ಎಣ್ಣೆ ಚರ್ಮ ಸುಡುತ್ತದೆ, ಗುಳ್ಳೆ ಏಳುತ್ತದೆ. ಬೀಜ ಒಡೆಯದೆ ತಿರುಪಿ ತೆಗೆದರೆ ಎಣ್ಣೆ ಹೊರಬರುವುದಿಲ್ಲ. ಆದರೂ ಕೈಗೆ ತೆಂಗಿನೆಣ್ಣೆ ಸವರಿಕೊಂಡು ಕೂರುವುದು ಒಳ್ಳೆಯದು, ಮಕ್ಕಳಿಗೆ ಈ ಕೆಲಸ ಬೇಡ. ಬೀಜ ಅಂಟಿದ್ದ ಕಡೆಯಿಂದ ಅರ್ಧ ಸೆಂಟಿಮೀಟರ್ ಬಿಲ್ಲೆ ಕೊಯ್ದು ಎಸೆಯಿರಿ. ತೊಟ್ಟಿನ ಕಡೆಯೂ ಅಷ್ಟೇ. ಗಂಟಲು ಕೆರೆಯುವ ರಸಕ್ಕೆ ಹಲವು ಸಲ ಈ ಕೆಳಗಿನ ಬಿಲ್ಲೆ ತೆಗೆಯದಿರುವುದೇ ಕಾರಣ. ಬೀಜವನ್ನು ಎರಡು ಮೂರು ದಿನ ಬಿಸಿಲಿಗೆ ಹಾಕಿ ಬೇರೆ ಎತ್ತಿಡಿ.

ಹಣ್ಣನ್ನು ಎರಡು ನೀರಿನಲ್ಲಿ ತೊಳೆದು, ಲೀಟರಿಗೆ ಒಂದು ಚಮಚ ಕಲ್ಲುಪ್ಪು ಹಾಕಿದ ಮೂರನೆಯ ನೀರಿನಲ್ಲಿ ಅದ್ದಿ ತೆಗೆಯಿರಿ. ನೆನೆಯಲು ಬಿಡಬೇಡಿ. ತೆಳು ಸಿಪ್ಪೆಯ ಹಣ್ಣು, ಹತ್ತು ನಿಮಿಷ ಬಿಟ್ಟರೂ ಸಿಹಿ ನೀರಿಗೆ ಹೋಗುತ್ತದೆ.

ಇಲ್ಲಿ ಒಂದು ಐಚ್ಛಿಕ ಹಂತ. ತೀರಾ ಚೊಗರಿನ ಹಣ್ಣಾದರೆ ಇಡ್ಲಿ ಪಾತ್ರೆಯಲ್ಲಿ ಐದು ನಿಮಿಷ ಹಬೆಯಲ್ಲಿ ಬೇಯಿಸಿ ಆರಿಸಿಕೊಳ್ಳಬಹುದು. ಗಂಟಲ ಕೆರೆತ ಚೆನ್ನಾಗಿ ತಗ್ಗುತ್ತದೆ, ರಸ ಕಪ್ಪಾಗುವುದೂ ಕಡಿಮೆ. ಆದರೆ ಹಸಿ ಹಣ್ಣಿನ ಆ ತೀಕ್ಷ್ಣ ಪರಿಮಳ ಅರ್ಧ ಹೋಗುತ್ತದೆ. ಒಳ್ಳೆಯ ಹಣ್ಣಿಗೆ ಇದು ಬೇಡ ಎಂಬುದು ನಮ್ಮ ಅಭಿಪ್ರಾಯ.

ಜಜ್ಜಿ ಒತ್ತುವುದು

ಸ್ಟೀಲ್ ಚಾಕುವಿನಲ್ಲಿ ಪ್ರತಿ ಹಣ್ಣನ್ನು ನಾಲ್ಕು ಹೋಳು ಮಾಡಿ, ಒಂದು ಕಿಲೋದಂತೆ ಒರಳಿಗೆ ಹಾಕಿ ಕುಟ್ಟಿ. ನಾರು ನಾರಾಗಿ ಉಳಿಯಬೇಕು, ಚಟ್ನಿಯಂತೆ ಅರೆಯಬಾರದು. ಮಿಕ್ಸಿಯಲ್ಲಿ ನುಣ್ಣಗೆ ಅರೆದರೆ ರಸ ಜಾಸ್ತಿ ಸಿಗುತ್ತದೆ ಅನಿಸುತ್ತದೆ, ನಿಜದಲ್ಲಿ ಸಿಗುವುದು ಬಟ್ಟೆಯ ಕಣ್ಣು ಕಟ್ಟುವ ಗಸಿ. ಸಿಪ್ಪೆ ಮತ್ತು ನಾರಿನ ಚೊಗರೂ ಪೂರ್ತಿ ರಸಕ್ಕೆ ಇಳಿಯುತ್ತದೆ. ಮಿಕ್ಸಿಯೇ ಗತಿಯಾದರೆ ಎರಡು ಮೂರು ಸಲ ಕ್ಷಣಕಾಲ ತಿರುಗಿಸಿ ನಿಲ್ಲಿಸಿ.

ಕುಟ್ಟಿದ ಕೂಡಲೇ ತಿರುಳಿಗೆ ಕಿಲೋಗೆ ಅರ್ಧ ಲಿಂಬೆಹಣ್ಣಿನ ರಸ ಹಿಂಡಿ ಕಲಸಿ. ಗಾಳಿ ತಾಗಿ ಕಂದುಬಣ್ಣ ತಿರುಗುವುದನ್ನು ಈ ಹುಳಿ ತಡೆಯುತ್ತದೆ.

ಈಗ ಒತ್ತುವುದು. ಪಂಚೆಯ ತುಂಡಿನಲ್ಲಿ ಒಂದು ಕಿಲೋ ತಿರುಳನ್ನು ಚಪ್ಪಟೆ ಪೊಟ್ಟಣದಂತೆ ಮಡಚಿ ಮರಿಗೆಯಲ್ಲಿ ಓರೆಯಾಗಿಟ್ಟ ಹಲಸಿನ ಮಣೆಯ ಮೇಲಿಡಿ. ಅದರ ಮೇಲೆ ಇನ್ನೊಂದು ಪೊಟ್ಟಣ, ಹೀಗೆ ಮೂರರವರೆಗೆ ಪೇರಿಸಬಹುದು. ಮೇಲೆ ಇನ್ನೊಂದು ಮಣೆ, ಅದರ ಮೇಲೆ ಮೊದಲು ಐದು ಕಿಲೋ ಭಾರ. ಹತ್ತು ನಿಮಿಷ ಬಿಟ್ಟು ಇಪ್ಪತ್ತು ಕಿಲೋಗೆ ಏರಿಸಿ. ಅಂಗಳದ ಮೂಲೆಯ ಕಡೆಯುವ ಕಲ್ಲು ಇದಕ್ಕೆ ಸರಿಯಾದ ತೂಕ. ಮೊದಲೇ ಪೂರ್ತಿ ಭಾರ ಹೇರಿದರೆ ಪೊಟ್ಟಣದ ಹೊರಗಿನ ತಿರುಳು ಬಿಗಿದುಕೊಂಡು ನಡುವಿನ ರಸಕ್ಕೆ ದಾರಿ ಇಲ್ಲದಾಗುತ್ತದೆ, ಇಲ್ಲವೇ ಬಟ್ಟೆ ಹರಿಯುತ್ತದೆ.

ಅರ್ಧ ಗಂಟೆಯಲ್ಲಿ ಧಾರೆ ನಿಂತು ತೊಟ್ಟಿಕ್ಕಲು ಶುರುವಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಗೋವಾದಲ್ಲಿ ಗೇರುಹಣ್ಣಿನಿಂದ ಫೆನಿ ಎಂಬ ಮದ್ಯ ಇಳಿಸುವವರು ತುಳಿದ ಹಣ್ಣಿನ ಮುದ್ದೆಯನ್ನು ಕಲ್ಲಿನಡಿ ಇಟ್ಟು ನಿಧಾನವಾಗಿ ತೊಟ್ಟಿಕ್ಕುವ ತಿಳಿಯಾದ ರಸವನ್ನು ‘ನೀರೋ’ ಎಂಬ ಹೆಸರಿನಲ್ಲಿ ಬೇರೆ ಹಿಡಿದು ಕುಡಿಯುತ್ತಾರೆ. ಕೈಬಲದಿಂದ ಹಿಂಡಿದ್ದಕ್ಕಿಂತ ತನ್ನ ಪಾಡಿಗೆ ಇಳಿದ ರಸ ಹಗುರ. ಕೊನೆಗೆ ಪೊಟ್ಟಣ ತಿರುಚಿ ತಿರುಚಿ ಹಿಂಡುವ ಚಪಲ ಎಲ್ಲರಿಗೂ ಬರುತ್ತದೆ, ಆ ಕೊನೆಯ ಲೋಟದಲ್ಲಿ ಬರುವುದು ಹೆಚ್ಚಿನಂಶ ಚೊಗರು.

ತೆಳಿ ಹಾಕಿ ತಿಳಿಗೊಳಿಸುವುದು

ತತ್ತ್ವ ಸರಳ. ಗಂಜಿಯ ಪಿಷ್ಟಕ್ಕೆ ಟ್ಯಾನಿನ್ ಅಂಟಿಕೊಂಡು, ಎರಡೂ ಸೇರಿ ಭಾರವಾಗಿ ತಳಕ್ಕೆ ಇಳಿಯುತ್ತವೆ. ಕಾರ್ಖಾನೆಗಳಲ್ಲಿ ಜೆಲಾಟಿನ್ ಬಳಸುವುದೂ ಉಂಟು, ಅದು ಪ್ರಾಣಿಜನ್ಯ. ಮನೆಯ ಅಳತೆಗೆ ತೆಳಿ ಅಥವಾ ಸಾಬಕ್ಕಿ ಧಾರಾಳ ಸಾಕು.

ತೆಳಿಯನ್ನು ಹಣ್ಣು ತರುವ ಮೊದಲೇ ತಯಾರು ಮಾಡಿಡಿ. ಏಕೆಂದರೆ ಅದು ಪೂರ್ತಿ ತಣ್ಣಗಾಗಿರಬೇಕು. 100 ಗ್ರಾಂ ಕುಚ್ಚಲಕ್ಕಿಗೆ ಒಂದೂಕಾಲು ಲೀಟರ್ ನೀರಿಟ್ಟು ಅಗುಳು ಒಡೆಯುವ ತನಕ ಬೇಯಿಸಿ ಬಸಿಯಿರಿ. ಉಪ್ಪು ಹಾಕಬೇಡಿ. ಬಸಿದ ತೆಳಿ ಬೆರಳಿಗೆ ಹತ್ತಿ ನಿಧಾನವಾಗಿ ಜಾರಬೇಕು. ನೀರಿನಂತೆ ಓಡಿದರೆ ಇನ್ನೊಂದು ಹತ್ತು ನಿಮಿಷ ಕುದಿಸಿ ಮಂದ ಮಾಡಿ. ಲೀಟರ್ ರಸಕ್ಕೆ 125 ಮಿಲಿಲೀಟರ್ ತೆಳಿ, ಅಂದರೆ ನಮ್ಮ ಮೂರು ಲೀಟರಿಗೆ 375. ಬೆಳ್ತಿಗೆ, ಅಂದರೆ ಕುಚ್ಚದ ಬಿಳಿ ಅಕ್ಕಿಯದ್ದಾದರೆ ತೆಳಿ ಮಂದ ಬರುತ್ತದೆ, ಲೀಟರಿಗೆ 100 ಸಾಕು. ನಿನ್ನೆಯ ಹುಳಿ ಬಂದ ತೆಳಿ ಬೇಡವೇ ಬೇಡ.

ಸಾಬಕ್ಕಿಯಲ್ಲಿ ಅಳತೆ ಹೆಚ್ಚು ಖಚಿತ: ಲೀಟರ್ ರಸಕ್ಕೆ 5 ಗ್ರಾಂ. ಪುಡಿ ಮಾಡಿ, ಅರ್ಧ ಲೋಟ ನೀರಿನಲ್ಲಿ ಬಿಳಿ ಹೋಗಿ ಗಾಜಿನಂತೆ ಪಾರದರ್ಶಕವಾಗುವ ತನಕ ಕಾಯಿಸಿ, ಆರಿಸಿ ಹಾಕಿ. ಹಸಿ ಪುಡಿಯನ್ನೇ ಉದುರಿಸಿದರೆ ಅದು ಹಾಗೇ ತಳ ಸೇರುತ್ತದೆ, ಚೊಗರು ಕದಲುವುದಿಲ್ಲ.

ರಸವನ್ನು ಒಮ್ಮೆ ಬಟ್ಟೆಯಲ್ಲಿ ಸೋಸಿ ಎತ್ತರದ ಗಾಜಿನ ಭರಣಿಗೆ ಹಾಕಿ. ತೆಳಿಯನ್ನು ತೆಳು ಧಾರೆಯಾಗಿ ಬಿಡುತ್ತಾ ಮರದ ಸಟ್ಟುಗದಲ್ಲಿ ಎರಡು ಮೂರು ನಿಮಿಷ ನಿಧಾನವಾಗಿ ತಿರುಗಿಸಿ ನಿಲ್ಲಿಸಿ. ಆಮೇಲೆ ಭರಣಿಯನ್ನು ಬೆಳಕಿಗೆ ಹಿಡಿದು ನೋಡಿ. ಮೊದಲು ಇಡೀ ರಸ ಹಾಲು ಬೆರೆಸಿದಂತೆ ಮಬ್ಬಾಗುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ಆ ಮಬ್ಬು ಒಡೆದು ಸಾಸಿವೆಗಿಂತ ಸಣ್ಣ ಕಣಗಳು ಕಾಣುತ್ತವೆ. ಅವು ಒಂದಕ್ಕೊಂದು ಕೂಡಿಕೊಂಡು ಅರಳೆಯಂತೆ ತೇಲುತ್ತಾ ಇಳಿಯುತ್ತವೆ. ಭರಣಿಯ ಮೇಲಂಚಿನಲ್ಲಿ ಬೆರಳಗಲ ತಿಳಿ ರಸದ ಪಟ್ಟಿ ಕಂಡಿತೆಂದರೆ ಅಳತೆ ಸರಿಯಾಗಿದೆ. ಅರ್ಧ ಗಂಟೆ ಕಳೆದರೂ ಕಣ ಕಟ್ಟದಿದ್ದರೆ ತೆಳಿ ತೆಳ್ಳಗಾಗಿದೆ, ಲೀಟರಿಗೆ ಇನ್ನು 50 ಮಿಲಿಲೀಟರ್ ಸೇರಿಸಿ.

ಇನ್ನು ಹತ್ತರಿಂದ ಹನ್ನೆರಡು ಗಂಟೆ ಅಲುಗಾಡಿಸಬಾರದು. ಹಳೆಯ ಮನೆಗಳಲ್ಲಿ ನೀರಿನ ಕೊಡದ ಪಕ್ಕ, ತಂಪು ನೆಲದ ಮೇಲೆ ಇಡುತ್ತಿದ್ದರು. ಏಪ್ರಿಲ್‌ನ 34 ಡಿಗ್ರಿ ಸೆಕೆಯಲ್ಲಿ ಆರೆಂಟು ಗಂಟೆಗೇ ಹುಳಿಯಲು ಶುರುವಾಗುತ್ತದೆ, ನೊರೆಯ ಗುಳ್ಳೆ ಎದ್ದು ಇಳಿದ ಗಸಿಯನ್ನೆಲ್ಲ ಮತ್ತೆ ಮೇಲಕ್ಕೆ ತರುತ್ತದೆ. ಹಳೆಯ ಕ್ರಮ ಎಂಬ ಹಟಕ್ಕೆ ಇಲ್ಲಿ ಅರ್ಥವಿಲ್ಲ, ಫ್ರಿಜ್‌ನಲ್ಲೇ ಇಡಿ.

ಬೆಳಿಗ್ಗೆ ನೋಡಿದರೆ ತಳದಲ್ಲಿ ಎರಡು ಮೂರು ಬೆರಳಗಲ ಗಸಿ, ಮೇಲೆ ತಿಳಿ ಹೊಂಬಣ್ಣದ ರಸ. ಭರಣಿ ಬಗ್ಗಿಸಿ ಸುರಿದರೆ ಗಸಿ ಏಳುತ್ತದೆ. ಗಾರೆಯವರು ಮಟ್ಟ ನೋಡುವ ತೆಳು ಪ್ಲಾಸ್ಟಿಕ್ ಕೊಳವೆಯ ಹೊಸ ತುಂಡು ತಂದು, ತುದಿ ಗಸಿಗಿಂತ ಒಂದಿಂಚು ಮೇಲಿರುವಂತೆ ಇಳಿಬಿಟ್ಟು, ಕೊಳವೆಯಲ್ಲಿ ಒಮ್ಮೆ ರಸ ತುಂಬಿಸಿಕೊಂಡು ಇನ್ನೊಂದು ತುದಿಯನ್ನು ಕೆಳಗಿನ ಪಾತ್ರೆಗೆ ಬಿಟ್ಟರೆ ರಸ ತಾನೇ ಇಳಿಯುತ್ತದೆ. ಉಳಿದ ಗಸಿಯನ್ನು ನಾಲ್ಕು ಮಡಿಕೆಯ ಬಟ್ಟೆಯಲ್ಲಿ ತೂಗಿ ಹಾಕಿದರೆ ಇನ್ನೊಂದೆರಡು ಲೋಟ ಬರುತ್ತದೆ. ಬಟ್ಟೆ ಹಿಂಡಬೇಡಿ.

ಚೊಗರು ಹೋಯಿತೇ ಎಂದು ನೋಡಲು ನಾಲಿಗೆಯೇ ಸಾಕು, ಆದರೆ ನಾಲ್ಕು ಸಲ ರುಚಿ ನೋಡಿದ ನಾಲಿಗೆ ಮರಗಟ್ಟಿ ಸುಳ್ಳು ಹೇಳುತ್ತದೆ. ಆಗ ದೂರ ಇಟ್ಟಿದ್ದ ಮೆಟ್ಟುಕತ್ತಿ ಕೆಲಸಕ್ಕೆ ಬರುತ್ತದೆ. ತಿಳಿಗೊಳಿಸದ ರಸ ಸ್ವಲ್ಪ ಎತ್ತಿಟ್ಟುಕೊಂಡಿರಿ. ಅದರ ನಾಲ್ಕು ತೊಟ್ಟು, ತಿಳಿ ರಸದ ನಾಲ್ಕು ತೊಟ್ಟು ಅಲಗಿನ ಮೇಲೆ ಬೇರೆ ಬೇರೆ ಬಿಟ್ಟು ಐದು ನಿಮಿಷ ಕಾಯಿರಿ. ಮೊದಲನೆಯದು ನೀಲಿಗಪ್ಪಾಗುತ್ತದೆ. ಎರಡನೆಯದೂ ಅಷ್ಟೇ ಕಪ್ಪಾದರೆ ಅರ್ಧ ಅಳತೆಯ ತೆಳಿ ಹಾಕಿ ಇನ್ನೊಮ್ಮೆ ಕೂರಿಸಿ. ಮೂರನೆಯ ಸಲ ಬೇಡ, ಅಷ್ಟರಲ್ಲಿ ರಸವೇ ಸಪ್ಪೆಯಾಗುತ್ತದೆ. ತುಸು ಚೊಗರು ಉಳಿದರೇ ಗೇರಿನ ರುಚಿ.

ಕುಡಿಯಲು, ಇಡಲು

ಎರಡು ದಿನದೊಳಗೆ ಕುಡಿದು ಮುಗಿಸುವುದಾದರೆ ಬಿಸಿ ಮಾಡುವ ಗೊಡವೆ ಬೇಡ. ಲೀಟರಿಗೆ 50 ಗ್ರಾಂ ಸಕ್ಕರೆ, ಕಾಲು ಚಮಚ ಉಪ್ಪು, ಜಜ್ಜಿದ ಶುಂಠಿಯ ರಸ ಒಂದು ಚಮಚ, ಹೊಸದಾಗಿ ಕುಟ್ಟಿದ ಕಾಳುಮೆಣಸು ಒಂದು ಚಿಟಿಕೆ ಹಾಕಿ ಫ್ರಿಜ್‌ನಲ್ಲಿಡಿ. ಸಿ ವಿಟಮಿನ್ ಪೂರ್ತಿ ಬೇಕೆನ್ನುವವರಿಗೂ ಇದೇ ದಾರಿ.

ತಿಂಗಳುಗಟ್ಟಲೆ ಇಡಬೇಕಾದರೆ ಲೀಟರ್ ರಸಕ್ಕೆ 5 ಗ್ರಾಂ ಸಿಟ್ರಿಕ್ ಆಮ್ಲ ಸೇರಿಸುವುದು ಕಡ್ಡಾಯ. ಗೇರಿನ ರಸದ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಮರದಿಂದ ಮರಕ್ಕೆ ಬದಲಾಗುತ್ತದೆ, ಕೆಲವೊಮ್ಮೆ 4.5ರ ಹತ್ತಿರ ಹೋಗುತ್ತದೆ. 4.6ಕ್ಕಿಂತ ಮೇಲಿದ್ದರೆ ಗಾಳಿಯಾಡದ ಸೀಸೆಯಲ್ಲಿ ವಿಷಕಾರಿ ಬ್ಯಾಕ್ಟೀರಿಯಾ ಬೆಳೆಯುವ ಅಪಾಯವಿದೆ. 4ಕ್ಕಿಂತ ಕೆಳಗಿದ್ದರೆ ನಿಶ್ಚಿಂತೆ. ಪಿಎಚ್ ಕಾಗದ ಸಿಕ್ಕಿದರೆ ಒಂದು ಪಟ್ಟಿ ಅದ್ದಿ ನೋಡಿ. ಆಮ್ಲ ಸೇರಿಸಿದ ರಸವನ್ನು ಸ್ಟೀಲ್ ಪಾತ್ರೆಯಲ್ಲಿ 85 ಡಿಗ್ರಿಗೆ ಕಾಯಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಮುತ್ತಿ ಹಬೆ ಜೋರಾಗಿ ಏಳುವ, ಆದರೆ ಕುದಿ ಬಾರದ ಹಂತ. ಕುದಿಸಿದರೆ ಬೆಂದ ವಾಸನೆ ಬಂದು ಬಣ್ಣ ಕಂದುತ್ತದೆ. ನೀರಿನಲ್ಲಿ ಇಪ್ಪತ್ತು ನಿಮಿಷ ಕುದಿಸಿ ತೆಗೆದ, ಇನ್ನೂ ಬಿಸಿಯಾಗಿರುವ ಗಾಜಿನ ಸೀಸೆಗೆ ರಸವನ್ನು ಮೇಲೆ ಎರಡು ಸೆಂಟಿಮೀಟರ್ ಬಿಟ್ಟು ತುಂಬಿ, ಮುಚ್ಚಳ ಬಿಗಿದು, ತಳಕ್ಕೆ ಬೈರಾಸು ಹಾಸಿದ ದೊಡ್ಡ ಪಾತ್ರೆಯ ಬಿಸಿನೀರಿನಲ್ಲಿ ಇಪ್ಪತ್ತು ನಿಮಿಷ ನಿಲ್ಲಿಸಿ. ತಣ್ಣೀರಿಗೆ ಇಟ್ಟರೆ ಸೀಸೆ ಸಿಡಿಯುತ್ತದೆ, ಅಲ್ಲೇ ಆರಲು ಬಿಡಿ. ತೆರೆದ ಸೀಸೆ ಫ್ರಿಜ್‌ನಲ್ಲಿ ಮೂರು ದಿನ.

ಕರಾವಳಿಯ ಮನೆಗಳಿಗೆ ಹೆಚ್ಚು ಹೊಂದುವುದು ಶರಬತ್ತಿನ ಪಾಕ. ಪುನರ್ಪುಳಿಯದ್ದು ಇಟ್ಟುಕೊಂಡಂತೆ ಇದನ್ನೂ ಮಳೆಗಾಲದವರೆಗೆ ಇಡಬಹುದು. ತಿಳಿ ರಸ 1 ಲೀಟರ್, ಸಕ್ಕರೆ 2 ಕಿಲೋ, ಸಿಟ್ರಿಕ್ ಆಮ್ಲ 20 ಗ್ರಾಂ. ರಸದಲ್ಲಿ ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿ ಕರಗುವ ತನಕ ಮಾತ್ರ ತಿರುಗಿಸಿ, ಕರಗಿದ ಮೇಲೆ ಆಮ್ಲ ಹಾಕಿ ಒಂದು ಕುದಿ ಬರುವ ಮುಂಚೆ ಇಳಿಸಿ, ಬಿಸಿಯಿರುವಾಗಲೇ ಸೋಸಿ ಸೀಸೆಗೆ ತುಂಬಿ. ಎರಡೂಕಾಲು ಲೀಟರ್ ಪಾಕ ಸಿಗುತ್ತದೆ, ಅದರಲ್ಲಿ ನೂರಕ್ಕೆ ಎಪ್ಪತ್ತು ಪಾಲಿನಷ್ಟು ಸಕ್ಕರೆ. ಈ ಸಾಂದ್ರತೆಯಲ್ಲಿ ಹುಳಿ ಬರಿಸುವ ಯೀಸ್ಟ್‌ಗೆ ಬದುಕುವುದು ಕಷ್ಟ. ಸಕ್ಕರೆ ಜಾಸ್ತಿಯಾಯಿತೆಂದು ಒಂದೂವರೆ ಕಿಲೋಗೆ ಇಳಿಸುವವರಿದ್ದಾರೆ. ಇಳಿಸಬಹುದು, ಆಗ ಸೀಸೆ ಫ್ರಿಜ್‌ನಲ್ಲಿರಬೇಕು. ಆಮ್ಲ ಕಡಿಮೆ ಮಾಡಿದರೆ ತಳದಲ್ಲಿ ಕಲ್ಲುಸಕ್ಕರೆ ಕಟ್ಟುತ್ತದೆ. ಬೆಲ್ಲ ಹಾಕಿದ ಪಾಕ ರುಚಿಯಾಗಿರುತ್ತದೆ, ಬಣ್ಣ ಕಪ್ಪು, ಬಾಳಿಕೆ ಕಡಿಮೆ. ಕುಡಿಯುವಾಗ 30 ಮಿಲಿಲೀಟರ್ ಪಾಕಕ್ಕೆ ಒಂದು ಲೋಟ ತಣ್ಣೀರು. ಸಕ್ಕರೆ ಕಾಯಿಲೆ ಇರುವವರಿಗೆ ಇದು ಹೇಳಿದ್ದಲ್ಲ.

ಎಲ್ಲಿ ಎಡವುತ್ತದೆ

ರಸ ಬೂದಿ ಅಥವಾ ನೀಲಿಗಪ್ಪು ಬಣ್ಣಕ್ಕೆ ತಿರುಗಿದರೆ ಎಲ್ಲೋ ಕಬ್ಬಿಣ ತಾಗಿದೆ. ಬಾವಿನೀರಿನಲ್ಲಿ ಕಬ್ಬಿಣಾಂಶ ಇರುವ ಕಡೆ ತೊಳೆದ ನೀರಿನಿಂದಲೂ, ತೆಳಿ ಬೇಯಿಸಿದ ನೀರಿನಿಂದಲೂ ಹೀಗಾಗುತ್ತದೆ. ಮುರಕಲ್ಲು ನೆಲದ ಬಾವಿಗಳಲ್ಲಿ ಇದು ಅಪರೂಪವಲ್ಲ. ಕೊಡದಲ್ಲಿಟ್ಟ ನೀರು ರಾತ್ರಿ ಬೆಳಗಾಗುವಾಗ ಕೆಂಬಣ್ಣಕ್ಕೆ ತಿರುಗುತ್ತದೆಂದರೆ ಆ ನೀರು ಈ ಕೆಲಸಕ್ಕೆ ಬೇಡ. ಬರೀ ಕಂದುಬಣ್ಣವಾದರೆ ಅದು ತಡ ಮಾಡಿದ್ದರ ಫಲ, ಕುಡಿಯಲು ಅಡ್ಡಿಯಿಲ್ಲ.

ತಿಳಿಗೊಂಡ ರಸ ಕಾಯಿಸಿದಾಗ ಮತ್ತೆ ಮಬ್ಬಾದರೆ ತೆಳಿ ಹೆಚ್ಚಾಗಿ ಪಿಷ್ಟ ಉಳಿದುಕೊಂಡಿದೆ. ರುಚಿಗೆ ತೊಂದರೆಯಿಲ್ಲ. ಒಂದು ರಾತ್ರಿ ಫ್ರಿಜ್‌ನಲ್ಲಿಟ್ಟು ಮೇಲಿನದ್ದನ್ನು ಬಸಿದುಕೊಳ್ಳಿ, ಮುಂದಿನ ಸಲ ತೆಳಿ ಕಾಲು ಪಾಲು ತಗ್ಗಿಸಿ.

ನೊರೆ, ಚುರುಚುರು ಗುಳ್ಳೆ, ಹೆಂಡದ ಕಂಪು ಬಂದರೆ ರಸ ಹುಳಿಯುತ್ತಿದೆ. ಅದನ್ನು ಯಾವ ಕಾರಣಕ್ಕೂ ಸೀಸೆಗೆ ತುಂಬಿ ಬಿಗಿಯಬೇಡಿ. ಒಳಗಿನ ಅನಿಲದ ಒತ್ತಡಕ್ಕೆ ಗಾಜು ಸಿಡಿದು ಗಾಯವಾದೀತು. ಹುಳಿಯಲಿ, ವಿನೆಗರ್ ಆದೀತು ಎಂದು ಬಿಡುವವರಿಗೊಂದು ಮಾತು. ಸಿಹಿ ರಸ ವಿನೆಗರ್ ಆಗುವ ಮೊದಲು ಮದ್ಯವಾಗುತ್ತದೆ, ಪರವಾನಗಿ ಇಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ. ಹುಳಿದದ್ದನ್ನು ತೆಂಗಿನ ಬುಡಕ್ಕೆ ಸುರಿದು ಭರಣಿಯನ್ನು ಕುದಿನೀರಿನಲ್ಲಿ ತೊಳೆಯಿರಿ, ಇಲ್ಲದಿದ್ದರೆ ಮುಂದಿನ ರಸ ಇನ್ನೂ ಬೇಗ ಹುಳಿಯುತ್ತದೆ.

ಸೀಸೆಯ ಕುತ್ತಿಗೆಯಲ್ಲಿ ಬೂಸ್ಟಿನ ಚುಕ್ಕೆ ಕಂಡರೆ ಮೇಲಿನದ್ದು ತೆಗೆದು ಉಳಿದದ್ದು ಬಳಸುವ ಲೆಕ್ಕ ಬೇಡ, ಪೂರ್ತಿ ಚೆಲ್ಲಿ.

ಒತ್ತಿ ಉಳಿದ ಹಿಂಡಿಯನ್ನು ಅದೇ ದಿನ ದನಗಳಿಗೆ ಒಂದೆರಡು ಮುಷ್ಟಿ ಹಾಕಬಹುದು. ಮರುದಿನದ್ದು ಬೇಡ, ಹುಳಿದು ಅಮಲೇರಿಸುತ್ತದೆ. ಉಳಿದದ್ದು ಗೊಬ್ಬರದ ಗುಂಡಿಗೆ ಹಾಕಿ, ಮೇಲೆ ಒಣ ತರಗೆಲೆ ಮುಚ್ಚಿ. ಹಾಗೇ ಬಿಟ್ಟರೆ ಸಂಜೆಯೊಳಗೆ ಊರಿನ ನೊಣವೆಲ್ಲ ಅಲ್ಲಿರುತ್ತದೆ. ಒರಳು, ಮಣೆಗಳನ್ನು ರಸ ಒಣಗುವ ಮೊದಲೇ ತಣ್ಣೀರು ಎರೆದು ತೆಂಗಿನ ನಾರಿನಲ್ಲಿ ಉಜ್ಜಿ ಬಿಸಿಲಿಗಿಡಿ.